ಗೇಟಿನ ಮೇಲಿನ ಹೆಸರು, ಪೇ ಸ್ಲಿಪ್ಪಿನ ಹೆಸರು

ಬೆಳಗಿನ ಜಾವ ಐದಕ್ಕೆಲ್ಲ ದೇವರಾಯಸಮುದ್ರದ ಹೆದ್ದಾರಿ ಬದಿಯಲ್ಲಿ ಹುಡುಗ ಹುಡುಗಿಯರ ಸಣ್ಣ ಗುಂಪೊಂದು ನಿಂತಿರುತ್ತದೆ. ಹೆಗಲಿಗೆ ಬ್ಯಾಗು, ಕುತ್ತಿಗೆಗೆ ಐಡಿ ಕಾರ್ಡು, ಕಣ್ಣಲ್ಲಿ ಇನ್ನೂ ಅರ್ಧ ನಿದ್ದೆ. ಹಿಂದೆ ಎನ್‌ಎಚ್ 4 ಅನ್ನಿಸಿಕೊಂಡಿದ್ದ, ಈಗ 75 ಎಂಬ ನಂಬರು ಹೊತ್ತಿರುವ ರಸ್ತೆಯಲ್ಲಿ ಮುಳಬಾಗಿಲು ಕಡೆಯಿಂದ ಫ್ಯಾಕ್ಟರಿ ಬಸ್ಸು ಬರುತ್ತದೆ, ಇವರನ್ನು ತುಂಬಿಕೊಂಡು ಕೋಲಾರ ದಾಟಿ ಹೋಗುತ್ತದೆ. ಒಂದು ಕಾಲಕ್ಕೆ ಈ ಹೊತ್ತಿನಲ್ಲಿ ಈ ರಸ್ತೆಯಲ್ಲಿ ಓಡುತ್ತಿದ್ದುದು ಟೊಮೆಟೊ ಗಾಡಿ, ಹಾಲಿನ ಗಾಡಿ. ಅವೂ ಓಡುತ್ತಿವೆ. ಜನರ ಗಾಡಿ ಮಾತ್ರ ಹೊಸದು.

ಹೊಸದಾಗಿ ಸೇರಲಿದ್ದ ಹುಡುಗನೊಬ್ಬನನ್ನು ಹೀಗೇ ಮಾತಿಗೆಳೆದೆ. "ಯಾವ ಕಂಪನಿ?" "ನರಸಾಪುರ ಸಾರ್." "ಅದು ಊರಲ್ವೇನಪ್ಪಾ? ಕಂಪನಿ ಯಾವುದು?" "ಫೋನ್ ಮಾಡ್ತಾರಲ್ಲ ಸಾರ್, ಅದು." "ಆಫರ್ ಲೆಟರ್ ಮೇಲೆ ಯಾರ ಹೆಸರಿದೆ?" ಅವನು ವಾಟ್ಸಾಪ್ ತೆಗೆದು ಪಿಡಿಎಫ್ ತೋರಿಸಿದ. ತಲೆಯಲ್ಲಿ ಇನ್ನಾವುದೋ ಹೆಸರು, ಕೆಳಗೆ ಬೆಂಗಳೂರಿನ ಯಾವುದೋ ಲೇಔಟಿನ ಎರಡನೇ ಮಹಡಿಯ ವಿಳಾಸ. "ಇವರು ಯಾರು?" "ಗೊತ್ತಿಲ್ಲ ಸಾರ್. ಕನ್ಸಲ್ಟೆನ್ಸಿ ಇರಬೇಕು."

ಮುಳಬಾಗಿಲು ಗಡಿಸೀಮೆ. ಮನೆಯೊಳಗೆ ತೆಲುಗು, ಸ್ಕೂಲಿನಲ್ಲಿ ಕನ್ನಡ ಅನ್ನುವ ಕುಟುಂಬಗಳು ಇಲ್ಲಿ ಎಷ್ಟೋ. ಮೊಮ್ಮಗನಿಗೆ ಕೆಲಸ ಸಿಕ್ಕಿತು ಅಂದರೆ ಅಂಥ ಮನೆಯ ಅಜ್ಜಿ ಮೊದಲು ಕೇಳುವುದು "ಜೀತಮೆಂತ?" ಎಂದು. ತೆಲುಗಿನಲ್ಲಿ ಜೀತಂ ಎಂದರೆ ಸಂಬಳ. ಅದರ ಕೊನೆಯ ಸೊನ್ನೆ ಬಿದ್ದುಹೋದರೆ ಕನ್ನಡದ ಜೀತ, 1976ರ ಕಾಯ್ದೆ ನಿಷೇಧಿಸಿದ ಜೀತ. ಎಷ್ಟು ಎಂದು ಕೇಳುವ ಅಜ್ಜಿಯ ಪ್ರಶ್ನೆ ಸರಿಯೇ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ ಒಂದು ಪ್ರಶ್ನೆಯಿದೆ: ಕೊಡುವವರು ಯಾರು?

ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಎಷ್ಟು ದುಬಾರಿಯಾಗಬಹುದು ಎಂಬುದನ್ನು ನಮ್ಮ ಜಿಲ್ಲೆಯೇ ದೇಶಕ್ಕೆ ತೋರಿಸಿದೆ. 2020ರ ಡಿಸೆಂಬರ್ 12, ಶನಿವಾರ. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಆಪಲ್‌ಗಾಗಿ ಐಫೋನ್ ಜೋಡಿಸುತ್ತಿದ್ದ ಕಾರ್ಖಾನೆ. ಬೆಳಿಗ್ಗೆ ಶಿಫ್ಟ್ ಬದಲಾಗುವ ಹೊತ್ತಿಗೆ ಸಂಬಳದ ಸಿಟ್ಟು ಕಟ್ಟೆಯೊಡೆಯಿತು. ಗಾಜುಗಳು ಪುಡಿಯಾದವು, ಕಾರುಗಳು ಮಗುಚಿಬಿದ್ದವು, ಬೆಂಕಿಯೂ ಬಿತ್ತು. ಪೊಲೀಸರು ನೂರೈವತ್ತಕ್ಕೂ ಹೆಚ್ಚು ಜನರನ್ನು ಹಿಡಿದರು. ಮೊದಲು 437 ಕೋಟಿ ರೂಪಾಯಿ ನಷ್ಟ ಎಂದು ದೂರು ದಾಖಲಾಯಿತು. ಆಮೇಲೆ ಕಂಪನಿಯೇ ತೈವಾನಿನ ಷೇರುಪೇಟೆಗೆ ಹೇಳಿದ ಲೆಕ್ಕ ಅದರ ಒಂದು ಸಣ್ಣ ಪಾಲು, 26ರಿಂದ 52 ಕೋಟಿಯ ಆಸುಪಾಸು.

ಗಲಭೆಯ ಚಿತ್ರಗಳು ಎಲ್ಲರಿಗೂ ನೆನಪಿವೆ, ಅದರ ಹಿಂದಿನ ಲೆಕ್ಕ ಮರೆತುಹೋಗಿದೆ. ಇಂಜಿನಿಯರಿಂಗ್ ಓದಿದವರಿಗೆ 21,000 ಎಂದು ಹೇಳಿ 16,000 ಕೊಟ್ಟರು, ಅದೂ ಇಳಿದು 12,000ಕ್ಕೆ ಬಂತು ಎಂಬುದು ಕೆಲಸಗಾರರ ದೂರು. ಅಕ್ಟೋಬರಿನಲ್ಲಿ ಎಂಟು ಗಂಟೆಯ ಶಿಫ್ಟು ಹನ್ನೆರಡು ಗಂಟೆಯಾಗಿತ್ತು. ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ಹೋಗಿ ನೋಡಿದಾಗ ಕಂಡದ್ದು: ಸ್ವಲ್ಪ ಕಾಲದಲ್ಲೇ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿದೆ, ಅಷ್ಟು ಜನರ ಹಾಜರಿ ಮತ್ತು ಸಂಬಳ ನೋಡುವ ವ್ಯವಸ್ಥೆ ಮಾತ್ರ ಆ ಗಾತ್ರಕ್ಕೆ ಬೆಳೆದಿಲ್ಲ. ಹಾಜರಿ ಯಂತ್ರವೇ ಸರಿಯಿಲ್ಲದಿದ್ದರೆ ದುಡಿದ ದಿನವೂ ಗೈರುಹಾಜರಿಯಾಗುತ್ತದೆ, ಓಟಿ ಗಾಳಿಗೆ ಹೋಗುತ್ತದೆ. ಒಂದು ವಾರದ ನಂತರ, ಡಿಸೆಂಬರ್ 19ರಂದು, ಕೆಲವರಿಗೆ ಸರಿಯಾಗಿ ಅಥವಾ ಸಮಯಕ್ಕೆ ಸಂಬಳ ಸಿಕ್ಕಿರಲಿಲ್ಲ ಎಂದು ವಿಸ್ಟ್ರಾನ್ ಒಪ್ಪಿಕೊಂಡಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆಯಿತು. ತಪ್ಪು ತಿದ್ದಿಕೊಳ್ಳುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದು ಆಪಲ್ ಅದನ್ನು ಪ್ರೊಬೇಷನ್‌ನಲ್ಲಿ ಇಟ್ಟಿತು. ಕಂಪನಿಗೂ ಪ್ರೊಬೇಷನ್! ಕೆಲಸಗಾರರು ಆ ಪದ ಕೇಳಿ ನಕ್ಕಿರಬಹುದು.

ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಆ ಹತ್ತು ಸಾವಿರ ಜನರಲ್ಲಿ ಬಹುಪಾಲು ವಿಸ್ಟ್ರಾನಿನ ನೌಕರರೇ ಅಲ್ಲ. ಆರು ಮ್ಯಾನ್‌ಪವರ್ ಏಜೆನ್ಸಿಗಳು ಕಳಿಸಿದ ಗುತ್ತಿಗೆಯವರು. ಫೋನು ಆಪಲ್ಲಿನದು, ಗೇಟು ವಿಸ್ಟ್ರಾನಿನದು, ಸಂಬಳ ಏಜೆನ್ಸಿಯದು. ಕಡಿಮೆ ಬಿದ್ದ ನಾಲ್ಕು ಸಾವಿರ ಕೇಳಲು ಹುಡುಗ ಯಾರ ಬಾಗಿಲಿಗೆ ಹೋಗಬೇಕು? ಸೂಪರ್‌ವೈಸರ್ ಏಜೆನ್ಸಿಯವರನ್ನು ಕೇಳು ಅನ್ನುತ್ತಾನೆ. ಏಜೆನ್ಸಿಯವನು ಕಂಪನಿಯಿಂದ ಹಾಜರಿ ಬಂದಿಲ್ಲ ಅನ್ನುತ್ತಾನೆ. ಒಂದು ಬಾಗಿಲೂ ತೆರೆಯದೆ ಹೋದಾಗ ಕೈಗೆ ಕಲ್ಲು ಬರುತ್ತದೆ. ಕಲ್ಲು ಎತ್ತಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಕೆಲಸ, ಕೇಸು ಎರಡರ ಪೆಟ್ಟೂ ಬಿದ್ದದ್ದು ಹಳ್ಳಿಯ ಮನೆಗಳ ಮೇಲೆಯೇ.

ಅದೇ ಕಾರ್ಖಾನೆಯನ್ನು 2023ರ ಅಕ್ಟೋಬರಿನಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ 125 ಮಿಲಿಯನ್ ಡಾಲರಿಗೆ ಕೊಳ್ಳುವುದೆಂದು ತೀರ್ಮಾನವಾಯಿತು. ಗೇಟಿನ ಬೋರ್ಡು ಬದಲಾಯಿತು. ಈ ಸುತ್ತಿನ ಊರುಗಳಲ್ಲಿ ಈಗಲೂ "ನರಸಾಪುರ ಕಂಪನಿ" ಅಂತಲೇ ಕರೆಯುತ್ತಾರೆ. ಬೋರ್ಡು ನೋಡಿ ಕೆಲಸಕ್ಕೆ ಸೇರುವವನ ಪಾಡು ಇದೇ. ಬೋರ್ಡು ಬದಲಾಗಬಹುದು, ಬೋರ್ಡಿನ ಹಿಂದೆ ಆರು ಹೆಸರುಗಳಿರಬಹುದು, ಅವನ ಬ್ಯಾಂಕಿಗೆ ದುಡ್ಡು ಹಾಕುವುದು ಏಳನೆಯ ಹೆಸರಾಗಿರಬಹುದು.

ಆದ್ದರಿಂದ ಫೋನ್ ಮಾಡಿದ ಎಚ್‌ಆರ್‌ನವರಿಗೆ ಮೊದಲು ಕೇಳಬೇಕಾದದ್ದು ಒಂದೇ ವಾಕ್ಯ: "ಕಂಪನಿ ರೋಲಾ, ಕಾಂಟ್ರಾಕ್ಟಾ? ಕಾಂಟ್ರಾಕ್ಟ್ ಆದರೆ ನನ್ನ ಪೇ ಸ್ಲಿಪ್ಪಿನಲ್ಲಿ ಯಾರ ಹೆಸರು ಬರುತ್ತದೆ?" ನೇರ ಉತ್ತರ ಕೊಡುವವರು ಬಹಳ ಮಂದಿ ಇದ್ದಾರೆ. ತಡವರಿಸುವವರ ತಡವರಿಕೆಯೂ ಒಂದು ಉತ್ತರವೇ. "ಟ್ರೈನಿ" ಎಂದರೆ ಇನ್ನೊಂದು ಪ್ರಶ್ನೆ ಕೇಳಿ: ಅಪ್ರೆಂಟಿಸಾ? 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರುವವರಿಗೆ ಸಿಗುವುದು ಸ್ಟೈಪೆಂಡು, ಪಿಎಫ್ ಇಲ್ಲ, ಕೊನೆಗೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ಕಲಿಯಲು ಹೋಗುವವರಿಗೆ ಅದು ಒಳ್ಳೆಯದೇ. ಕೆಲಸವೆಂದು ತಿಳಿದು ಹೋದವರಿಗೆ ಮಾತ್ರ ಮೋಸ ಹೋದ ಹಾಗಾಗುತ್ತದೆ.

ಹೆಸರು ಸಿಕ್ಕಿತು ಅಂದುಕೊಳ್ಳಿ. ಮುಂದಿನದು ಮೊಬೈಲಿನಲ್ಲೇ ಅರ್ಧ ಗಂಟೆಯ ಕೆಲಸ. ಹೆಸರಿನ ಕೊನೆಯಲ್ಲಿ ಪ್ರೈವೇಟ್ ಲಿಮಿಟೆಡ್ ಎಂದಿದ್ದರೆ ಅದಕ್ಕೆ ಸಿಐಎನ್ ಎಂಬ 21 ಅಕ್ಷರದ ನಂಬರು ಇರಲೇಬೇಕು, ಲೆಟರ್‌ಹೆಡ್ಡಿನಲ್ಲಿ ಅಚ್ಚಾಗಿರಬೇಕು. ನೋಡಲು ಮಂತ್ರದಂತಿದ್ದರೂ ಓದಲು ಸುಲಭ. ಮೊದಲ ಅಕ್ಷರ ಷೇರುಪೇಟೆಯಲ್ಲಿದೆಯೋ ಇಲ್ಲವೋ ಹೇಳುತ್ತದೆ, ನಂತರದ ಐದು ಅಂಕಿ ಯಾವ ಬಗೆಯ ಉದ್ಯಮ ಎಂದು, ಆಮೇಲೆ ರಾಜ್ಯದ ಎರಡಕ್ಷರ (ಕರ್ನಾಟಕವಾದರೆ ಕೆಎ), ಅದರ ಹಿಂದೆಯೇ ಕಂಪನಿ ಹುಟ್ಟಿದ ವರ್ಷ ನಾಲ್ಕು ಅಂಕಿಯಲ್ಲಿ. "ಇಪ್ಪತ್ತು ವರ್ಷದ ಅನುಭವ" ಎಂದು ಬರೆದುಕೊಂಡವರ ಸಿಐಎನ್‌ನಲ್ಲಿ ಹೋದ ವರ್ಷದ ಇಸವಿ ಇದ್ದರೆ, ಆ ಇಪ್ಪತ್ತು ವರ್ಷ ಎಲ್ಲಿ ಕಳೆದರು ಎಂದು ಕೇಳುವ ಹಕ್ಕು ನಿಮಗಿದೆ. ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಈ ನಂಬರು ಹಾಕಿದರೆ ಕಂಪನಿ ಚಾಲ್ತಿಯಲ್ಲಿದೆಯೋ, ಪಟ್ಟಿಯಿಂದ ಹೊಡೆದುಹಾಕಿದ್ದಾರೋ, ದಿವಾಳಿಯಲ್ಲಿದೆಯೋ ತಿಳಿಯುತ್ತದೆ. ಕೊನೆಯ ಲೆಕ್ಕಪತ್ರ ಯಾವ ವರ್ಷದ್ದು ಎಂಬುದೂ ಅಲ್ಲೇ ಇರುತ್ತದೆ. ನಾಲ್ಕು ವರ್ಷದಿಂದ ಸರ್ಕಾರಕ್ಕೇ ಲೆಕ್ಕ ಕೊಡದವನು ನಿಮಗೆ ಓಟಿ ಲೆಕ್ಕ ಕೊಡುತ್ತಾನೆಯೇ?

ಸಣ್ಣ ಏಜೆನ್ಸಿಗಳು ಎಷ್ಟೋ ಕಂಪನಿಗಳೇ ಅಲ್ಲ, ಒಬ್ಬರೇ ನಡೆಸುವ ಅಂಗಡಿಗಳು. ಅವಕ್ಕೆ ಸಿಐಎನ್ ಇರುವುದಿಲ್ಲ. ಆಗ ಜಿಎಸ್‌ಟಿ ನಂಬರು ಕೇಳಿ. ಹದಿನೈದು ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಜಾಲತಾಣದಲ್ಲಿ ಹುಡುಕಿದರೆ ಬೋರ್ಡಿನ ಹೆಸರಿನ ಹಿಂದಿರುವ ನಿಜವಾದ ಮಾಲೀಕನ ಹೆಸರು, ನೋಂದಣಿಯ ದಿನಾಂಕ, ರಿಟರ್ನ್ಸ್ ತುಂಬುತ್ತಿದ್ದಾರೋ ಇಲ್ಲವೋ ಎಲ್ಲ ಹೊರಬೀಳುತ್ತದೆ. ಮ್ಯಾನ್‌ಪವರ್ ಏಜೆನ್ಸಿ ಎಂದುಕೊಂಡವನ ನೋಂದಣಿಯಲ್ಲಿ ಗ್ರಾನೈಟ್ ವ್ಯಾಪಾರ ಎಂದಿದ್ದರೆ ಸ್ವಲ್ಪ ನಿಂತು ಯೋಚಿಸಿ. ನಮ್ಮ ಕಡೆ ಗ್ರಾನೈಟಿಗೇನೂ ಕಮ್ಮಿಯಿಲ್ಲ, ಆದರೂ.

ಇವೆರಡಕ್ಕಿಂತ ನಾನು ಹೆಚ್ಚು ನಂಬುವುದು ಭವಿಷ್ಯ ನಿಧಿಯ ಪುಟವನ್ನು. ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕುವ ಅವಕಾಶವಿದೆ. ಲಾಗಿನ್ ಬೇಡ, ದುಡ್ಡು ಬೇಡ. ಸಂಸ್ಥೆ ಸಿಕ್ಕಿದ ಮೇಲೆ ಅದು ಯಾವ ತಿಂಗಳ ಪಿಎಫ್ ಅನ್ನು ಯಾವ ದಿನ ಕಟ್ಟಿತು, ಎಷ್ಟು ಮೊತ್ತ, ಎಷ್ಟು ಜನರ ಪರವಾಗಿ ಎಂಬುದನ್ನು ಸಾಲು ಸಾಲಾಗಿ ತೋರಿಸುತ್ತದೆ. ಹಿಂದಿನ ತಿಂಗಳ ಪಿಎಫ್ ಈ ತಿಂಗಳ 15ರೊಳಗೆ ಕಟ್ಟಬೇಕೆಂಬುದು ನಿಯಮ. ತಿಂಗಳು ತಿಂಗಳೂ 12, 13ನೇ ತಾರೀಖಿಗೆ ಕಟ್ಟಿದವನ ಮನೆ ನಡೆಯುವ ಕ್ರಮವೇ ಬೇರೆ, ಮೂರು ತಿಂಗಳದ್ದನ್ನು ಒಟ್ಟಿಗೆ ಕಟ್ಟಿ ಮತ್ತೆ ಎರಡು ತಿಂಗಳು ಸುಮ್ಮನಾಗುವವನದೇ ಬೇರೆ. "ನಮ್ಮಲ್ಲಿ ಐನೂರು ಜನ ಇದ್ದಾರೆ" ಎಂದವನು ಮೂವತ್ತು ಜನರ ಪಿಎಫ್ ಕಟ್ಟುತ್ತಿದ್ದರೆ, ಉಳಿದ ನಾನೂರ ಎಪ್ಪತ್ತರಲ್ಲಿ ನೀವೂ ಒಬ್ಬರಾಗುತ್ತೀರಿ. ಜಾಹೀರಾತು ಬರೆಯುವುದು ಸುಲಭ, ವೆಬ್‌ಸೈಟು ಮಾಡುವುದು ಇನ್ನೂ ಸುಲಭ. ಪ್ರತಿ ತಿಂಗಳು ಸರ್ಕಾರದ ಖಾತೆಗೆ ದುಡ್ಡು ಕಟ್ಟಿದ ದಾಖಲೆಯನ್ನು ಮಾತ್ರ ಬಾಯಿಮಾತಿನಲ್ಲಿ ಹುಟ್ಟಿಸಲು ಆಗುವುದಿಲ್ಲ.

ಇನ್ನು ಅಜ್ಜಿಯ ಪ್ರಶ್ನೆಗೆ ಬರೋಣ, ಜೀತಮೆಂತ. ಕೋಲಾರ ಜಿಲ್ಲೆಯವರಿಗೆ ಇದನ್ನು ಬೋರ್‌ವೆಲ್ ಭಾಷೆಯಲ್ಲಿ ಹೇಳಿದರೆ ತಕ್ಷಣ ತಿಳಿಯುತ್ತದೆ. ರಿಗ್ಗಿನವನು ಅಡಿಗೆ ಇಷ್ಟು ಅನ್ನುತ್ತಾನೆ. ಕೊರೆದು ಮುಗಿದ ಮೇಲೆ ಕೇಸಿಂಗ್ ಪೈಪಿನದು ಬೇರೆ, ಫ್ಲಶಿಂಗ್ ಬೇರೆ, ಆಳ ಹೋದಂತೆ ರೇಟು ಬೇರೆ. ಅದನ್ನು ತಿಳಿದ ರೈತ ಮೊದಲೇ ಕೇಳುತ್ತಾನೆ, "ಎಲ್ಲಾ ಸೇರಿ ಎಷ್ಟಾಗುತ್ತೆ ಹೇಳು." ಕೆಲಸದ ವಿಷಯದಲ್ಲಿ ಇದು ತಿರುಗುಮುರುಗು. ಅಲ್ಲಿ ಎಲ್ಲಾ ಸೇರಿಸಿಯೇ ಹೇಳುತ್ತಾರೆ. ಅದಕ್ಕೆ ಸಿಟಿಸಿ ಎಂದು ಹೆಸರು. ನೀವು ಕೇಳಬೇಕಾದದ್ದು ಎಲ್ಲಾ ಕಳೆದು ಎಷ್ಟು ಎಂದು.

ಲೆಕ್ಕ ಹಾಕಿ ನೋಡೋಣ. ಮೂಲ ವೇತನ ಮತ್ತು ಡಿಎ ಸೇರಿ 15,000, ಇತರ ಭತ್ಯೆ 3,000, ಒಟ್ಟು 18,000. ಇದರಲ್ಲಿ ನಿಮ್ಮ ಪಾಲಿನ ಪಿಎಫ್ ನೂರಕ್ಕೆ 12ರಂತೆ 1,800 ಹೋಗುತ್ತದೆ. ಇಎಸ್‌ಐ ನೂರಕ್ಕೆ 0.75, ಅಂದರೆ 135. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ. ಕೈಗೆ ಬರುವುದು 16,065. ಈಗ ಕಂಪನಿಯ ಲೆಕ್ಕ ನೋಡಿ. ಅದೇ 18,000ಕ್ಕೆ ಮಾಲೀಕರ ಪಾಲಿನ ಪಿಎಫ್ ಮತ್ತು ಅದರ ಆಡಳಿತ ಶುಲ್ಕ, ವಿಮೆ ಸೇರಿ 1,950, ಇಎಸ್‌ಐ 585, ಗ್ರಾಚ್ಯುಟಿಗೆಂದು 722, ಬೋನಸ್ಸಿನ ಪಾಲು 1,250. ಒಟ್ಟು 22,507. ವಾಟ್ಸಾಪ್ ಸಂದೇಶದಲ್ಲಿ "ಸಂಬಳ 22,500" ಎಂದು ಬರುವುದು ಇದು. ಸುಳ್ಳೇನೂ ಅಲ್ಲ. ಆದರೆ ಪೋಸ್ಟರಿಗೂ ಪಾಸ್‌ಬುಕ್ಕಿಗೂ ನಡುವೆ ಆರು ಸಾವಿರದ ನಾನೂರು ರೂಪಾಯಿಯ ಕಂದಕ. ಬಸ್ಸು, ಕ್ಯಾಂಟೀನು, ಹಾಸ್ಟೆಲಿಗೆ ಹಿಡಿಯುವುದು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಓಟಿ ಸೇರಿಸಿ ಇಷ್ಟು ಎಂದು ಹೇಳುವವರೂ ಇದ್ದಾರೆ. ಓಟಿ ಎಂದರೆ ದುಪ್ಪಟ್ಟು ದರ, ಕಾನೂನಿನ ಮಾತು ಅದು. ಆದರೆ ಓಟಿ ಇರುವ ತಿಂಗಳು ಇರುತ್ತದೆ, ಇಲ್ಲದ ತಿಂಗಳು ಇಲ್ಲ. ಅದನ್ನು ನಂಬಿ ಬೈಕಿನ ಕಂತು ಕಟ್ಟಲು ಒಪ್ಪಿಕೊಂಡವರನ್ನು ನಾನು ಬಲ್ಲೆ.

ಈ ಲೆಕ್ಕವೆಲ್ಲ ಬಾಯಲ್ಲಿ ಹೇಳಿಸಿಕೊಂಡರೆ ಸಾಲದು, ಬರಹದಲ್ಲಿ ಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕಡ್ಡಾಯ. ಆ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳ ತಕರಾರು ಸಾಕಷ್ಟಿದೆ, ಅದು ಬೇರೆ ಅಂಕಣದ ಮಾತು. ಈ ಒಂದು ಅಂಶವನ್ನಂತೂ ಹಿಡಿದುಕೊಳ್ಳಬಹುದು. "ಜಾಯಿನ್ ಆಗಿ, ಲೆಟರ್ ಆಮೇಲೆ ಕೊಡ್ತೀವಿ" ಅನ್ನುವವರಿಗೆ ಈಗ ಕಾನೂನಿನ ಆಸರೆಯಿಲ್ಲ.

ಕಾಗದ, ಕಂಪ್ಯೂಟರು ಹೇಳದ ಸಂಗತಿಗಳು ಟೀ ಅಂಗಡಿಯಲ್ಲಿ ಸಿಗುತ್ತವೆ. ನರಸಾಪುರವೋ ವೇಮಗಲ್ಲೋ ಮಾಲೂರೋ, ಕೈಗಾರಿಕಾ ಪ್ರದೇಶದ ಯಾವ ಗೇಟಿನ ಎದುರಾದರೂ ಒಂದು ಟೀ ಅಂಗಡಿ ಇದ್ದೇ ಇರುತ್ತದೆ. ಶಿಫ್ಟ್ ಬಿಡುವ ಹೊತ್ತಿಗೆ ಹೋಗಿ ನಿಲ್ಲಬೇಕು. ಸಂಬಳ ಯಾವ ತಾರೀಖಿಗೆ ಆಗುತ್ತೆ ಎಂದು ಇಬ್ಬರನ್ನು ಕೇಳಿದರೆ ಸಾಕು. "ಏಳಕ್ಕೆ ಆಗುತ್ತೆ" ಎಂದು ಇಬ್ಬರೂ ಹೇಳಿದರೆ ಒಂದು ಬಗೆ. ಒಬ್ಬ ಇನ್ನೊಬ್ಬನ ಮುಖ ನೋಡಿ ನಕ್ಕರೆ ಇನ್ನೊಂದು ಬಗೆ. ಹುಡುಗಿಯರಾದರೆ ರಾತ್ರಿ ಪಾಳಿ ಮುಗಿದ ಮೇಲೆ ಬಸ್ಸು ಊರೊಳಗೆ ಬರುತ್ತದೋ ಹೆದ್ದಾರಿಯಲ್ಲೇ ಇಳಿಸಿ ಹೋಗುತ್ತದೋ ಎಂಬುದನ್ನೂ ಅಲ್ಲೇ ವಿಚಾರಿಸಬೇಕು. ಕತ್ತಲಲ್ಲಿ ಸರ್ವೀಸ್ ರಸ್ತೆ ದಾಟಿ ಊರು ಸೇರುವ ದೂರ ಯಾವ ಆಫರ್ ಲೆಟರಿನಲ್ಲೂ ಬರೆದಿರುವುದಿಲ್ಲ.

ಗೆಳೆಯರ ಮಾತಿನಲ್ಲಿ ಒಂದು ಎಚ್ಚರ. ನಿಮ್ಮನ್ನು ಕರೆದೊಯ್ಯುವ ಗೆಳೆಯನಿಗೆ ಒಂದು ತಲೆಗೆ ಇಷ್ಟು ಎಂದು ರೆಫರಲ್ ದುಡ್ಡು ಇರಬಹುದು. ಅವನು ಕೆಟ್ಟವನಲ್ಲ, ಆದರೆ ಸಾಕ್ಷಿಯಾಗಿ ಅರ್ಧ ಮಾತ್ರ. ಒಳಗಿರುವವನಿಗಿಂತ ಬಿಟ್ಟು ಬಂದವನನ್ನು ಹುಡುಕುವುದು ಮೇಲು. ಅವನಿಗೆ ಎರಡೇ ಪ್ರಶ್ನೆ: ಕೊನೆಯ ತಿಂಗಳ ಸಂಬಳ ಬಂತಾ, ಪಿಎಫ್ ಬಿಡಿಸಿಕೊಂಡೆಯಾ? ಸೇರಿಸಿಕೊಳ್ಳುವಾಗ ಎಲ್ಲರೂ ನಗುನಗುತ್ತಲೇ ಇರುತ್ತಾರೆ. ಕಳಿಸಿಕೊಡುವಾಗ ಹೇಗೆ ನಡೆದುಕೊಂಡರು ಎಂಬುದರಲ್ಲಿ ಸಂಸ್ಥೆಯ ಗುಣ ಇರುತ್ತದೆ.

ದುಡ್ಡು ಕೇಳಿದರಂತೂ ಮಾತು ಅಲ್ಲಿಗೇ ಮುಗಿಯಬೇಕು. ನೋಂದಣಿ ಶುಲ್ಕ, ಯೂನಿಫಾರ್ಮಿನದು, ಮೆಡಿಕಲ್ಲಿನದು, ಗೇಟ್ ಪಾಸಿನದು, ವಾಪಸ್ ಕೊಡುವ ಡಿಪಾಸಿಟ್ಟು, ಹೆಸರು ಯಾವುದಾದರೂ ಇರಲಿ. ಆಪಲ್ ತನ್ನ ಸರಬರಾಜುದಾರರಿಗೆ 2015ರಿಂದಲೇ ಹಾಕಿರುವ ನಿಯಮದಂತೆ ಕೆಲಸಗಾರನಿಂದ ನೇಮಕಾತಿಗಾಗಿ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಫೋನಿನ ಕಾರ್ಖಾನೆಗೆ ಕಳಿಸುತ್ತೇವೆ ಎಂದು ಐದು ಸಾವಿರ ಕೇಳುವವನಿಗೆ ಇದನ್ನು ಹೇಳಿ ನೋಡಿ, ಕರೆ ತಾನಾಗಿಯೇ ಕಟ್ ಆಗುತ್ತದೆ. ದುಡ್ಡು ಕಳಿಸಿಬಿಟ್ಟಿದ್ದರೆ ಆ ಗಂಟೆಯಲ್ಲೇ 1930ಕ್ಕೆ ಕರೆ ಮಾಡಬೇಕು. ಸೈಬರ್ ಅಪರಾಧದ ಸಹಾಯವಾಣಿ ಅದು. ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹರಿದುಹೋಗುತ್ತದೆ.

ಒರಿಜಿನಲ್ ಮಾರ್ಕ್ಸ್ ಕಾರ್ಡು ಕೇಳಿದರೆ ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ವಾಪಸ್ ಬ್ಯಾಗಿಗೆ ಹಾಕಿ. ಹಳೆಯ ಕಾಲದ ಜೀತಕ್ಕೆ ಸಾಲದ ಪತ್ರ ಒತ್ತೆಯಾಗಿತ್ತು. ಈ ಕಾಲಕ್ಕೆ ಎಸ್ಸೆಸ್ಸೆಲ್ಸಿ ಕಾರ್ಡು. ಬಾಂಡಿನ ವಿಷಯ ಇಷ್ಟು ಸರಳವಲ್ಲ. "ಬಾಂಡೆಲ್ಲ ಕೋರ್ಟಿನಲ್ಲಿ ನಿಲ್ಲಲ್ಲ, ಸೈನ್ ಹಾಕು" ಎನ್ನುವ ಅಣ್ಣಂದಿರು ಪ್ರತಿ ಊರಿನಲ್ಲೂ ಇರುತ್ತಾರೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣ ನೆನಪಿಡಿ. ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ಕೊಡಬೇಕೆಂಬ ಷರತ್ತಿಗೆ ಸಹಿ ಹಾಕಿ ಸೇರಿದ ಅಧಿಕಾರಿಯೊಬ್ಬರು ಅವಧಿಗೆ ಮೊದಲೇ ಬೇರೆ ಬ್ಯಾಂಕಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ ಷರತ್ತು ಸರಿಯೆಂದಿತು. ಅಲ್ಲಿದ್ದದ್ದು ಸರ್ಕಾರಿ ಬ್ಯಾಂಕು, ಅದರ ನೇಮಕಾತಿಯ ಖರ್ಚು ದೊಡ್ಡದು ಎಂಬ ವಾದ. ಎಲ್ಲ ಬಾಂಡಿಗೂ ಅದು ಹಾಗೇ ಅನ್ವಯಿಸುವುದಿಲ್ಲ. ಆದರೂ ಓದದೆ ಸಹಿ ಹಾಕಿ ಆಮೇಲೆ ಅಣ್ಣನನ್ನು ಹುಡುಕಿದರೆ ಅಣ್ಣ ಸಿಗುವುದಿಲ್ಲ.

ದೊಡ್ಡ ಹೆಸರಾದರೆ ಇದೆಲ್ಲ ಬೇಡವಲ್ಲ ಎಂದು ಕೇಳುವವರಿದ್ದಾರೆ. 2022ರಲ್ಲಿ ಇನ್ಫೋಸಿಸ್‌ನಿಂದ ಆಫರ್ ಪಡೆದ ಮಕ್ಕಳಲ್ಲಿ ಹಲವರು ಸೇರಲು ಎರಡು ವರ್ಷಕ್ಕೂ ಹೆಚ್ಚು ಕಾದರು. ಅಂಥವರೂ ಸೇರಿದಂತೆ ಮುನ್ನೂರಕ್ಕೂ ಹೆಚ್ಚು ಟ್ರೈನಿಗಳನ್ನು 2025ರ ಫೆಬ್ರುವರಿಯಲ್ಲಿ ಮೈಸೂರಿನ ಕ್ಯಾಂಪಸ್ಸಿನಿಂದ ಕಳಿಸಿಬಿಟ್ಟರು, ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಎಂದು. ಆಫರ್ ಲೆಟರಿನಲ್ಲಿ ಸೇರುವ ದಿನಾಂಕ ಇದೆಯೇ, ತರಬೇತಿಯಲ್ಲಿ ಫೇಲಾದರೆ ಏನು ಎಂಬುದನ್ನು ದೊಡ್ಡವರಲ್ಲೂ ಕೇಳಬೇಕು. ಸರ್ಕಾರದ ಹೆಸರಿದ್ದರೂ ಅಷ್ಟೇ. ನಮ್ಮ ಕೆಜಿಎಫ್‌ನ ಭಾರತ್ ಗೋಲ್ಡ್ ಮೈನ್ಸ್ ಕೇಂದ್ರ ಸರ್ಕಾರದ್ದೇ. 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು. ಕಾಲೊನಿಯ ಮಕ್ಕಳು ಅಂದು ಬೆಂಗಳೂರಿನ ರೈಲು ಹಿಡಿದವರು ಇಂದಿಗೂ ಹಿಡಿಯುತ್ತಲೇ ಇದ್ದಾರೆ.

ವಿದೇಶದ ಕೆಲಸವಾದರೆ ಪರೀಕ್ಷೆ ಇನ್ನೂ ಬಿಗಿಯಾಗಿರಬೇಕು. ಸೆಕ್ಯುರಿಟಿ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಉಕ್ರೇನ್ ಯುದ್ಧದ ನಡುವೆ ಸಿಕ್ಕಿಕೊಂಡು 2024ರ ಸೆಪ್ಟೆಂಬರಿನಲ್ಲಿ ಜೀವ ಹಿಡಿದುಕೊಂಡು ಮರಳಿದರು. ಕೇಂದ್ರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅದರಲ್ಲಿ ಇಲ್ಲದವನ ಕೈಗೆ ಪಾಸ್‌ಪೋರ್ಟು ಕೊಡಬಾರದು. ಟೂರಿಸ್ಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸುತ್ತೇವೆ ಅಂದರೆ ಮನೆಯಲ್ಲೇ ಇರುವುದು ಕ್ಷೇಮ.

ಇಷ್ಟೆಲ್ಲ ಬರೆದು ಒಂದು ದಿನ ಆ ಹುಡುಗನಿಗೆ ಓದಿ ಹೇಳಿದೆ. ಅವನು ಕೇಳಿದ ಪ್ರಶ್ನೆ ನನ್ನ ಬಾಯಿ ಕಟ್ಟಿಸಿತು. "ನೋಡಿದೆ ಸಾರ್, ಚೆನ್ನಾಗಿಲ್ಲ ಅಂತ ಗೊತ್ತಾಯ್ತು ಅನ್ಕೊಳ್ಳಿ. ಬೇರೆ ಕೆಲಸ ಎಲ್ಲಿದೆ?" ಶ್ರೀನಿವಾಸಪುರದ ಮಾವಿಗೆ ರೇಟಿಲ್ಲದ ವರ್ಷ, ಟೊಮೆಟೊವನ್ನು ರಸ್ತೆಗೆ ಸುರಿಯುವ ವಾರ, ಬತ್ತಿದ ಬೋರ್‌ವೆಲ್ಲು, ಅಕ್ಕನ ಮದುವೆಯ ಸಾಲ. ಬೇಡ ಅನ್ನುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಬಳಸಿ ಶುದ್ಧಮಾಡಿದ ನೀರು 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ. ನೀರು ಪೂರ್ವಕ್ಕೆ ಬರುತ್ತದೆ, ಹುಡುಗರು ಪಶ್ಚಿಮಕ್ಕೆ ಹೋಗುತ್ತಾರೆ. ಹೆಸರಿನಲ್ಲೇ ಸಮುದ್ರ ಇಟ್ಟುಕೊಂಡ ಊರಿನ ಲೆಕ್ಕಾಚಾರ ಇದು.

ಹಾಗಾದರೂ, ಗೊತ್ತಿದ್ದು ಹೋಗುವುದಕ್ಕೂ ಗೊತ್ತಿಲ್ಲದೆ ಹೋಗುವುದಕ್ಕೂ ವ್ಯತ್ಯಾಸವಿದೆ ಅಂದೆ. ಏಜೆನ್ಸಿಯ ಹೆಸರು ಗೊತ್ತಿದ್ದವನು ದೂರು ಬರೆಯಬಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಿಂದಲೂ ಇದೆ, ಹೊಸ ಸಂಹಿತೆಯಲ್ಲೂ ಉಳಿದಿದೆ. ಆದರೆ ಇಂಥ ಗೇಟಿನೊಳಗೆ ಇಂಥ ಏಜೆನ್ಸಿಯ ಹೆಸರಿನಲ್ಲಿ ಇಷ್ಟು ದಿನ ದುಡಿದೆ ಎಂದು ತೋರಿಸಲು ಏನಾದರೂ ಕೈಯಲ್ಲಿರಬೇಕು. ಆಫರ್ ಲೆಟರು, ಐಡಿ ಕಾರ್ಡಿನ ಎರಡೂ ಬದಿಯ ಫೋಟೊ, ದಿನದ ಪಂಚ್ ಸಮಯ, ಪ್ರತಿ ತಿಂಗಳ ಪೇ ಸ್ಲಿಪ್ಪು. ಮೊದಲ ಸಂಬಳದ ಮುಂದಿನ ತಿಂಗಳು 9966044425ಕ್ಕೆ, ಪಿಎಫ್‌ಗೆ ಕೊಟ್ಟ ಅದೇ ಮೊಬೈಲಿನಿಂದ, ಒಂದು ಮಿಸ್ಡ್ ಕಾಲ್. ಕಟ್ಟಿದ್ದಾರೋ ಇಲ್ಲವೋ ಮೆಸೇಜು ಬರುತ್ತದೆ. ಆಧಾರಿನಲ್ಲಿ ಇನಿಷಿಯಲ್ ಹಿಂದಿದ್ದು ಪಿಎಫ್‌ನಲ್ಲಿ ಮುಂದಿದ್ದರೆ ಅದನ್ನೂ ಆಗಲೇ ಸರಿಮಾಡಿಸಬೇಕು. ನಮ್ಮ ಕಡೆ ಅರ್ಧ ಪಿಎಫ್ ಸಿಕ್ಕಿಕೊಂಡಿರುವುದು ಅಪ್ಪನ ಹೆಸರಿನ ಒಂದಕ್ಷರದಲ್ಲಿ.

ಎರಡು ದಿನ ಬಿಟ್ಟು ಅದೇ ಬಸ್ ಸ್ಟಾಪಿನಲ್ಲಿ ಸಿಕ್ಕ. "ಕೇಳಿದೆ ಸಾರ್ ಎಚ್‌ಆರ್‌ಗೆ. ಅದೆಲ್ಲ ಯಾಕೆ ಬೇಕು ನಿಂಗೆ ಅಂದ್ರು. ಮತ್ತೆ ಕೇಳಿದೆ. ಹೇಳಿದ್ರು." ಮೊಬೈಲಿನಲ್ಲಿ ಇಪಿಎಫ್‌ಒ ಪುಟದ ಸ್ಕ್ರೀನ್‌ಶಾಟ್ ತೋರಿಸಿದ. ತಿಂಗಳುಗಳು, ತಾರೀಖುಗಳು, ತಲೆಗಳ ಲೆಕ್ಕ. ಎರಡು ತಿಂಗಳು ತಡವಾಗಿತ್ತು, ಉಳಿದದ್ದು ಸರಿಯಿತ್ತು. "ಹೋಗ್ತೀಯಾ?" ಅಂದೆ. "ಹೋಗ್ತೀನಿ ಸಾರ್. ಎರಡು ತಿಂಗಳು ಯಾಕೆ ಲೇಟಾಯ್ತು ಅಂತ ಕೇಳ್ಕೊಂಡೇ ಸೇರ್ತೀನಿ." ಅಷ್ಟರಲ್ಲಿ ಮುಳಬಾಗಿಲು ಕಡೆಯಿಂದ ಬಸ್ಸಿನ ದೀಪ ಕಂಡಿತು. ಅವನು ಫೋನು ಜೇಬಿಗಿಟ್ಟುಕೊಂಡು ರಸ್ತೆಯ ಅಂಚಿಗೆ ಹೋದ.